‘ಮಾರಿದ ಮಾಲು ವಾಪಸ್ ಇಲ್ಲ’ ಅನ್ನೋ ಬೋರ್ಡು ಇಲ್ಲಿ ನಡೆಯಲ್ಲ

(ಥಾರ್ನ್ಲಿಯಲ್ಲಿ ನಡೆದ ನಮ್ಮ ವೇದಿಕೆಯ ಕೂಟದಲ್ಲಿ ಆಡಿದ ಮಾತು. ಬ್ರಿಸ್ಬೇನ್ ಮತ್ತು ಅಡಿಲೇಡ್‌ನ ಗೆಳೆಯರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ.)

ಶಿಫ್ಟ್ ಬದಲಾಯಿಸಿಕೊಂಡು ಬಂದವರೂ ಇದ್ದೀರಿ, ನೈಟ್ ಡ್ಯೂಟಿಗೆ ಹೋಗೋ ಮುಂಚೆ ಒಂದು ಗಂಟೆ ಕೂತು ಹೋಗೋಣ ಅಂತ ಯೂನಿಫಾರ್ಮಿನಲ್ಲೇ ಬಂದವರೂ ಇದ್ದೀರಿ. ಕಾಕ್‌ಬರ್ನ್ ಕಡೆಯವರು ಈಗ ನೇರ ರೈಲಿನಲ್ಲೇ ಥಾರ್ನ್ಲಿಗೆ ಬರಬಹುದು. 2025ರ ಜೂನ್‌ನಲ್ಲಿ ಆ ಲೈನ್ ಶುರುವಾಗಿದ್ದು ನಮ್ಮ ಕೂಟಕ್ಕೂ ಒಳ್ಳೆಯದೇ ಆಯಿತು.

ನನಗೆ ಕೊಟ್ಟಿರೋ ವಿಷಯ ವಿಡಿಯೋ ಗೇಮು. ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿದ ಗೇಮು ನೆಟ್ಟಗೆ ನಡೆಯದಿದ್ದರೆ ದುಡ್ಡು ವಾಪಸ್ ಬರುತ್ತಾ ಇಲ್ವಾ ಅನ್ನೋದು. ಇದನ್ನು ಕೇಳಿ ಹಿರಿಯರೊಬ್ಬರು, "ಇದೇನ್ರೀ, ಮಕ್ಕಳಾಟದ ಮೇಲೂ ಭಾಷಣಾನಾ?" ಅಂದರು. ಸರ್, ಒಂದು ಲೆಕ್ಕ ಹೇಳ್ತೀನಿ. 2025ರ ಜುಲೈ 1ರಂದು ಈ ದೇಶದಲ್ಲಿ ಕನಿಷ್ಠ ಕೂಲಿ ಗಂಟೆಗೆ 24 ಡಾಲರ್ 95 ಸೆಂಟ್ ಆಯಿತು. ಹೊಸದಾಗಿ ಬಂದ ದೊಡ್ಡ ಗೇಮಿಗೆ ನೂರು ಡಾಲರಿಗೂ ಮೇಲೆ ಬೆಲೆ. ಅಂದರೆ ವೇರ್‌ಹೌಸಿನಲ್ಲಿ ನಿಂತು ಡಬ್ಬ ಎತ್ತಿದ, ಏಜ್ಡ್ ಕೇರಿನಲ್ಲಿ ಮುದುಕರ ಹಾಸಿಗೆ ಬದಲಿಸಿದ ನಾಲ್ಕೈದು ಗಂಟೆಯ ದುಡಿಮೆ, ಅದೂ ಟ್ಯಾಕ್ಸ್ ಕಳೆಯೋ ಮುಂಚೆ. ಮೈನಿಂಗ್ ಕ್ಯಾಂಪಿನಲ್ಲಿ ಎರಡು ವಾರ ಇರೋ ಹುಡುಗರಿಗೆ ಸಂಜೆ ಆರರ ಮೇಲೆ ಇರೋದು ಒಂದು ಕೋಣೆ, ಒಂದು ಲ್ಯಾಪ್‌ಟಾಪು. ಅವರು ಆಡ್ತಾರೆ, ಆಡಲಿ. ಆದರೆ ಆ ನೂರು ಡಾಲರು ಮಕ್ಕಳಾಟದ ದುಡ್ಡಲ್ಲ.

ನಾವೆಲ್ಲ ಒಂದು ಬೋರ್ಡು ನೋಡ್ತಾ ಬೆಳೆದವರು. ಚಿಕ್ಕಪೇಟೆಯ ಬಟ್ಟೆ ಅಂಗಡಿಯೇ ಆಗಲಿ, ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯೇ ಆಗಲಿ, ಗಲ್ಲಾಪೆಟ್ಟಿಗೆಯ ಮೇಲೆ ಬರೆದಿರೋದು: ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬಿಲ್ಲಿನ ಕೆಳಗೂ ಅದೇ. ಅದನ್ನು ಓದಿ ಓದಿ ಅದೇ ಕಾನೂನು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಹಾಗೆ ನೋಡಿದರೆ ಅದು ಅಲ್ಲೂ ಕಾನೂನಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷ ಇರೋ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನೋದು ಅನುಚಿತ ವ್ಯಾಪಾರ. ಬೋರ್ಡು ಮಾತ್ರ ಇನ್ನೂ ಇಳಿದಿಲ್ಲ, ಅದು ಬೇರೆ ಮಾತು.

ಇಲ್ಲಿಗೆ ಬಂದ ಮೇಲೆ ಆ ಬೋರ್ಡು ನಮ್ಮ ಕಣ್ಣಿಗೆ ಬೇರೆ ರೂಪದಲ್ಲಿ ಬಿತ್ತು. ಗೇಮು ಕೊಳ್ಳುವಾಗ ಉದ್ದನೆಯ ಕರಾರು ಬರುತ್ತೆ, ಯಾರೂ ಓದಲ್ಲ, ಕೆಳಗೆ ‘ಒಪ್ಪಿದ್ದೇನೆ’ ಅಂತ ಒತ್ತುತ್ತೇವೆ. ಅದರೊಳಗೆಲ್ಲೋ ಒಂದು ಸಾಲು, ಕೊಟ್ಟ ದುಡ್ಡು ಯಾವ ಕಾರಣಕ್ಕೂ ವಾಪಸ್ ಇಲ್ಲ ಅಂತ. ಒತ್ತಿದ್ದು ನಾವೇ ತಾನೆ, ಇನ್ನೇನು ಕೇಳೋದು ಅಂತ ಸುಮ್ಮನಾಗ್ತೀವಿ. ಹಾಗೆ ಸುಮ್ಮನಾಗಬೇಕಾಗಿಲ್ಲ. ಇದನ್ನು ಈ ದೇಶದ ನ್ಯಾಯಾಲಯವೇ ತೀರ್ಮಾನ ಮಾಡಿ ಹೇಳಿದೆ. ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸ್ಟೀಮ್ ಅಂದರೆ ನಿಮ್ಮಲ್ಲಿ ಹುಡುಗರಿಗೆಲ್ಲ ಗೊತ್ತು. ಕಂಪ್ಯೂಟರ್ ಗೇಮುಗಳ ಬಹಳ ದೊಡ್ಡ ಆನ್‌ಲೈನ್ ಅಂಗಡಿ. ನಡೆಸೋದು ವಾಲ್ವ್ ಅನ್ನೋ ಕಂಪನಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. ಅವರ ಕರಾರಿನಲ್ಲಿ, ರೀಫಂಡ್ ನೀತಿಯಲ್ಲಿ, ದುಡ್ಡು ವಾಪಸ್ ಇಲ್ಲ ಅನ್ನೋ ಮಾತು ಇತ್ತು. ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ, ಎಲ್ಲರೂ ಎಸಿಸಿಸಿ ಅಂತಾರಲ್ಲ ಅದು, 2014ರ ಆಗಸ್ಟ್‌ನಲ್ಲಿ ವಾಲ್ವ್ ಮೇಲೆ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿತು.

ವಾಲ್ವ್ ಕೊಟ್ಟ ಉತ್ತರ ಕೇಳಿ. ಒಂದು, ನಾವು ಆಸ್ಟ್ರೇಲಿಯಾದಲ್ಲಿ ವ್ಯಾಪಾರ ಮಾಡ್ತಾನೇ ಇಲ್ಲ, ನಾವಿರೋದು ಅಮೆರಿಕದಲ್ಲಿ. ಎರಡು, ನಾವು ಮಾರಿದ್ದು ಸರಕು ಅಲ್ಲ. ಮೂರು, ಕರಾರಿನಲ್ಲಿ ವಾಷಿಂಗ್ಟನ್ ರಾಜ್ಯದ ಕಾನೂನು ಅಂತ ಬರೆದಿದೆ, ಆಸ್ಟ್ರೇಲಿಯಾ ಕಾನೂನು ಇಲ್ಲಿಗೆ ಬರಲ್ಲ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತಲ್ವಾ? ನಮ್ಮಂಥವರು ಮೊದಲನೇ ಮಾತಿಗೇ ಕೈ ಮುಗಿದು ಎದ್ದು ಬರ್ತಿದ್ವಿ.

ಕೇಸು ಕೇಳಿದವರು ನ್ಯಾಯಮೂರ್ತಿ ಜೇಮ್ಸ್ ಎಡೆಲ್ಮನ್. ಪರ್ತ್‌ನಲ್ಲಿ ಹುಟ್ಟಿ, ಇಲ್ಲಿನ ಯೂನಿವರ್ಸಿಟಿಯಲ್ಲೇ ಓದಿ, ಇಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಜಡ್ಜ್ ಆಗಿದ್ದವರು. ಆಮೇಲೆ ಫೆಡರಲ್ ಕೋರ್ಟಿಗೆ ಹೋಗಿ, 2017ರಲ್ಲಿ ಹೈಕೋರ್ಟ್ ಸೇರಿದರು. ಈ ದೇಶದಲ್ಲಿ ಹೈಕೋರ್ಟೇ ಎಲ್ಲಕ್ಕಿಂತ ಮೇಲಿನದು, ರಾಜ್ಯದ್ದು ಸುಪ್ರೀಂ ಕೋರ್ಟ್. ನಮ್ಮ ಕಡೆಗೆ ತಿರುವುಮುರುವು, ಗೊಂದಲ ಮಾಡಿಕೋಬೇಡಿ. 2016ರ ಮಾರ್ಚ್‌ನಲ್ಲಿ ಅವರ ತೀರ್ಪು ಬಂತು.

ವ್ಯಾಪಾರ ಮಾಡ್ತಿಲ್ಲ ಅನ್ನೋದಕ್ಕೆ: ಆಸ್ಟ್ರೇಲಿಯಾದಲ್ಲಿ ನಿಮಗೆ ಸುಮಾರು 22 ಲಕ್ಷ ಖಾತೆಗಳಿವೆ, ಇಲ್ಲೇ 12 ಲಕ್ಷ ಅಮೆರಿಕನ್ ಡಾಲರ್ ಬೆಲೆಯ ಸರ್ವರ್‌ಗಳಿವೆ, ಅವುಗಳನ್ನು ಇಟ್ಟ ಜಾಗಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ತೀರಿ, ಇದು ವ್ಯಾಪಾರ ಅಲ್ಲದೆ ಮತ್ತೇನು? ಸರಕಲ್ಲ ಅನ್ನೋದಕ್ಕೆ: ಇಲ್ಲಿನ ಕಾನೂನಿನಲ್ಲಿ ‘ಸರಕು’ ಅಂದರೆ ಏನೇನು ಅಂತ ಒಂದು ಪಟ್ಟಿ ಇದೆ. ನನಗೆ ಬಹಳ ಇಷ್ಟವಾದ ಪಟ್ಟಿ ಅದು. ಹಡಗು, ವಿಮಾನ, ಮೀನೂ ಸೇರಿ ಪ್ರಾಣಿಗಳು, ಖನಿಜ, ಮರ, ಬೆಳೆ, ಗ್ಯಾಸು, ಕರೆಂಟು, ಇವುಗಳ ಸಾಲಿನಲ್ಲೇ ಕಂಪ್ಯೂಟರ್ ಸಾಫ್ಟ್‌ವೇರ್. ಕೈಯಲ್ಲಿ ಹಿಡಿಯೋ ಡಿಸ್ಕ್ ಇಲ್ಲದಿದ್ದರೂ, ಕೊಟ್ಟಿದ್ದು ಲೈಸೆನ್ಸ್ ಅಷ್ಟೇ ಆದರೂ, ಸರಕು ಸರಕೇ. ಮೂರನೆಯದಕ್ಕೆ ಅವರು ಹೇಳಿದ್ದು ಇನ್ನೂ ಮುಖ್ಯ. ಕರಾರಿಗೆ ವಾಷಿಂಗ್ಟನ್ ಕಾನೂನು ಅಂತಲೇ ಒಪ್ಪೋಣ, ಆದರೂ ಗ್ರಾಹಕನಿಗೆ ಆಸ್ಟ್ರೇಲಿಯಾ ಕೊಟ್ಟಿರೋ ಗ್ಯಾರಂಟಿಯನ್ನು ಒಂದು ಕರಾರಿನ ಸಾಲು ಕಿತ್ತುಕೊಳ್ಳೋಕೆ ಆಗಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಕೋರ್ಟು ವಾಲ್ವ್ ಎಲ್ಲರಿಗೂ ದುಡ್ಡು ವಾಪಸ್ ಕೊಡಲೇಬೇಕಿತ್ತು ಅಂತ ಹೇಳಲಿಲ್ಲ. ಇರುವ ಹಕ್ಕನ್ನು ಇಲ್ಲ ಅಂತ ಜನರಿಗೆ ಹೇಳಿದ್ದೇ ತಪ್ಪು ಅಂತ ಹೇಳಿತು. ಆ ಬೋರ್ಡು ಹಾಕಿದ್ದೇ ಅಪರಾಧ. ಬೋರ್ಡು ನೋಡಿ ಎಷ್ಟು ಜನ ಕೇಳದೆಯೇ ಹೋದರೋ ಅವರ ಲೆಕ್ಕ ಯಾರ ಹತ್ತಿರ ಇರುತ್ತೆ?

ದಂಡದ ವಿಚಾರ ಬಂದಾಗ ವಾಲ್ವ್ ಎರಡೂವರೆ ಲಕ್ಷ ಡಾಲರ್ ಸಾಕು ಅಂತ ವಾದಿಸಿತು. ಆಯೋಗ 30 ಲಕ್ಷ ಕೇಳಿತ್ತು. 2016ರ ಡಿಸೆಂಬರ್‌ನಲ್ಲಿ ಎಡೆಲ್ಮನ್ 30 ಲಕ್ಷವನ್ನೇ ಹಾಕಿದರು. ಇಲ್ಲಿನ ವಕೀಲರನ್ನು ಒಂದು ಮಾತು ಕೇಳದೆ, ನಮಗೆ ಈ ಕಾನೂನು ಅನ್ವಯ ಆಗಲ್ಲ ಅಂತ ಕಂಪನಿ ತಾನೇ ನಿರ್ಧಾರ ಮಾಡಿಕೊಂಡಿತ್ತು ಅನ್ನೋದು ಅವರಿಗೆ ಸರಿ ಕಂಡಿರಲಿಲ್ಲ. ವಾಲ್ವ್ ಅಪೀಲು ಹೋಯಿತು, 2017ರ ಡಿಸೆಂಬರ್‌ನಲ್ಲಿ ಸೋತಿತು. ಹೈಕೋರ್ಟಿಗೆ ಹೋಗೋಕೆ ಅನುಮತಿ ಕೇಳಿತು, 2018ರ ಏಪ್ರಿಲ್‌ನಲ್ಲಿ ಅದೂ ಸಿಗಲಿಲ್ಲ. ಅಲ್ಲಿಗೆ ಕೇಸು ಮುಗಿಯಿತು.

ಸೋನಿಯದ್ದು ಚುಟುಕಾಗಿ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಕೊಂಡ ಗೇಮಿನಲ್ಲಿ ದೋಷ ಇದೆ ಅಂತ ನಾಲ್ಕು ಜನ ಗ್ರಾಹಕರು ಕೇಳಿದಾಗ, ಡೌನ್‌ಲೋಡ್ ಮಾಡಿದ ಮೇಲೆ ರೀಫಂಡ್ ಇಲ್ಲ, 14 ದಿನ ಕಳೆದ ಮೇಲೆ ಇಲ್ಲ ಅಂತ ಸೋನಿಯ ಯುರೋಪ್ ಘಟಕ ಹೇಳಿತ್ತು. ಒಬ್ಬರಿಗಂತೂ ಗೇಮು ತಯಾರಿಸಿದವರ ಒಪ್ಪಿಗೆ ಇಲ್ಲದೆ ಕೊಡೋಕಾಗಲ್ಲ ಅಂದಿತ್ತು. ಇನ್ನೊಬ್ಬರಿಗೆ ದುಡ್ಡಿನ ಬದಲು ಪ್ಲೇಸ್ಟೇಷನ್ ಖಾತೆಗೇ ಜಮಾ ಮಾಡಬಹುದು ಅಂದಿತ್ತು. ಇದಕ್ಕೆ 2020ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಹಾಕಿದ ದಂಡ 35 ಲಕ್ಷ ಡಾಲರ್. ನಾಲ್ಕು ಜನ! ನಾಲ್ಕು ಜನ ಬಿಡದೆ ಕೇಳಿದ್ದರಿಂದ ಆಗಿದ್ದು ಅದು. ಅದಕ್ಕೂ ಮುಂಚೆ, 2018ರ ನವೆಂಬರ್‌ನಲ್ಲಿ ಬಂದ ಫಾಲ್‌ಔಟ್ 76 ಅನ್ನೋ ಗೇಮು ಸರ್ವರ್ ತೊಂದರೆ, ಚಿತ್ರ ಸರಿಯಿಲ್ಲದ್ದು, ತಡವರಿಸೋದು ಅಂತ ಎಲ್ಲೆಡೆ ಬೈಗುಳ ತಿಂದಿತು. ಅದರ ಕಂಪನಿ ಜೆನಿಮ್ಯಾಕ್ಸ್ 2019ರಲ್ಲಿ ಆಯೋಗಕ್ಕೆ ಬರೆದುಕೊಟ್ಟು, ತಾನು ಮೊದಲು ಇಲ್ಲ ಅಂದಿದ್ದ ಗ್ರಾಹಕರಿಗೆ ದುಡ್ಡು ವಾಪಸ್ ಕೊಡೋಕೆ ಒಪ್ಪಿತು.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ. ಇಲ್ಲೇ ಹತ್ತಿರ ನಾಲ್ಕು ಹುಡುಗರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ. ಅವರಲ್ಲಿ ಒಬ್ಬ, ದಾವಣಗೆರೆ ಕಡೆಯವನು, ಒಂದು ಗೇಮು ಕೊಂಡ. ಶುರುವಾದ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಂತುಹೋಗುತ್ತೆ, ಆಡಿದ್ದು ಸೇವ್ ಆಗಲ್ಲ. ಅವನ ಕಂಪ್ಯೂಟರು ಅವರು ಹೇಳಿದ್ದಕ್ಕಿಂತ ಮೇಲಿನದೇ. ಕಂಪನಿಗೆ ಬರೆದ. ಬಂದ ಉತ್ತರ: ಕೊಂಡು ಮೂರು ವಾರ ಆಗಿದೆ, ನಮ್ಮ ನೀತಿ ಪ್ರಕಾರ ಆಗಲ್ಲ, ಕ್ಷಮಿಸಿ. ಕಂಪನಿ ಹೆಸರು ಹೇಳಲ್ಲ, ಇಂಥ ಉತ್ತರ ಕೊಡೋದು ಅದೊಂದೇ ಅಲ್ಲ.

"ಮತ್ತೆ ಬರೀಯಪ್ಪ" ಅಂದೆ.

"ಬೇಡ ಅಣ್ಣಾ. ಹೋಗಿದ್ದು ಹೋಯ್ತು ಬಿಡು. ನಂದಿನ್ನೂ ಟೆಂಪರರಿ ವೀಸಾ. ಕಂಪ್ಲೇಂಟು ಗಿಂಪ್ಲೇಂಟು ಅಂತ ಹೋಗಿ ಪಿಆರ್‌ಗೆ ಅಡ್ಡ ಬಂದ್ರೆ?"

ಈ ಮಾತಿಗಾಗಿಯೇ ನಾನು ಇವತ್ತು ಇಲ್ಲಿ ನಿಂತಿರೋದು. ನೂರು ಡಾಲರಿಗಿಂತ ದೊಡ್ಡ ನಷ್ಟ ಈ ಹೆದರಿಕೆ. ಗೇಮಿನಲ್ಲಿ ಶುರುವಾಗಿ ಬಾಡಿಗೆ ಮನೆಯ ಬಾಂಡ್ ದುಡ್ಡಿನವರೆಗೆ, ಕೊನೆಗೆ ಸಂಬಳದವರೆಗೆ ಇದೇ ಹೆದರಿಕೆ ನಮ್ಮ ಬಾಯಿ ಕಟ್ಟುತ್ತೆ. ಈ ಕಾನೂನಿನ ಪುಸ್ತಕದಲ್ಲಿ ಇರೋ ಪದ ‘ಗ್ರಾಹಕ’. ಪ್ರಜೆ ಅಂತ ಇಲ್ಲ, ಪಿಆರ್ ಅಂತ ಇಲ್ಲ. ಸ್ಟೂಡೆಂಟ್ ವೀಸಾದವನು ಕೊಂಡ ಗೇಮಿಗೂ ಇಲ್ಲೇ ಹುಟ್ಟಿದವನು ಕೊಂಡ ಗೇಮಿಗೂ ಗ್ಯಾರಂಟಿ ಒಂದೇ. ಕೊಂಡ ಮಾಲು ಕೆಟ್ಟಿದೆ ಅಂತ ಅಂಗಡಿಯವನಿಗೆ ಬರೆಯೋದು ವೀಸಾ ವಿಷಯವೇ ಅಲ್ಲ.

ಅವನನ್ನು ಕೂರಿಸಿಕೊಂಡು ಒಂದು ಪತ್ರ ಬರೆದೆವು. ಉದ್ದ ಏನಿಲ್ಲ, ಆರೇಳು ಸಾಲು. ಯಾವತ್ತು ಕೊಂಡೆ, ಎಷ್ಟು ಕೊಟ್ಟೆ, ಆರ್ಡರ್ ನಂಬರ್ ಏನು. ಎಲ್ಲಿ ನಿಲ್ಲುತ್ತೆ, ಎಷ್ಟು ಸಲ ನಿಂತಿದೆ, ಜೊತೆಗೆ ಸ್ಕ್ರೀನಿನ ಫೋಟೋ, ಒಂದು ಸಣ್ಣ ವಿಡಿಯೋ. ಅವರು ಹೇಳಿದ ಸೆಟ್ಟಿಂಗ್ ಎಲ್ಲ ಬದಲಿಸಿ ನೋಡಿದ್ದೇನೆ, ಆದರೂ ಹೋಗಿಲ್ಲ ಅಂತ ಒಂದು ಸಾಲು. ಆಮೇಲೆ ಮುಖ್ಯವಾದ ಸಾಲು: ನಾನು ಆಸ್ಟ್ರೇಲಿಯಾದಲ್ಲಿರೋ ಗ್ರಾಹಕ, ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ಪ್ರಕಾರ ಇದು ‘ಮೇಜರ್ ಫೇಲ್ಯೂರ್’, ಆದ್ದರಿಂದ ನಾನು ರೀಫಂಡ್ ಆರಿಸಿಕೊಳ್ಳುತ್ತಿದ್ದೇನೆ. ‘ದಯವಿಟ್ಟು ಕೊಡಿ’ ಅಂತಲ್ಲ, ‘ಆರಿಸಿಕೊಳ್ಳುತ್ತಿದ್ದೇನೆ’ ಅಂತ. ಒಂಬತ್ತು ದಿನಕ್ಕೆ ದುಡ್ಡು ಕಾರ್ಡಿಗೆ ಬಂತು. ಎಲ್ಲರಿಗೂ ಹೀಗೇ ಬರುತ್ತೆ ಅಂತ ಮಾತು ಕೊಡೋಕಾಗಲ್ಲ. ಆದರೆ ಮೊದಲನೇ ‘ಆಗಲ್ಲ’ ಅನ್ನೋದು ಎಷ್ಟೋ ಸಲ ಕಂಪ್ಯೂಟರ್ ಕೊಡೋ ಸಿದ್ಧ ಉತ್ತರ. ಎರಡನೇ ಪತ್ರವನ್ನು ಒಬ್ಬ ಮನುಷ್ಯ ಓದೋ ಸಾಧ್ಯತೆ ಹೆಚ್ಚು.

ಆ ‘ಮೇಜರ್ ಫೇಲ್ಯೂರ್’ ಅನ್ನೋ ಎರಡು ಪದ ನೆನಪಿಟ್ಟುಕೊಳ್ಳಿ. ಇಂಥ ದೋಷ ಇದೆ ಅಂತ ಮೊದಲೇ ಗೊತ್ತಿದ್ದರೆ ಯಾವ ಸಾಮಾನ್ಯ ಮನುಷ್ಯನೂ ಇದನ್ನು ಕೊಳ್ತಿರಲಿಲ್ಲ, ಅಥವಾ ತೋರಿಸಿದ್ದೇ ಬೇರೆ ಕೊಟ್ಟಿದ್ದೇ ಬೇರೆ, ಅಥವಾ ಮಾಡಬೇಕಾದ ಕೆಲಸವನ್ನೇ ಮಾಡಲ್ಲ, ಬೇಗ ಸರಿ ಮಾಡೋಕೂ ಆಗಲ್ಲ. ಇಂಥದ್ದು ದೊಡ್ಡ ದೋಷ. ಆಗ ದುಡ್ಡು ಬೇಕಾ ಬದಲಿ ಬೇಕಾ ಅನ್ನೋ ಆಯ್ಕೆ ನಿಮ್ಮದು. ಸಣ್ಣ ದೋಷ ಆದರೆ ಸರಿ ಮಾಡಿಕೊಡೋಕೆ ಅವರಿಗೆ ಅವಕಾಶ ಕೊಡಬೇಕು, ಗೇಮಿನಲ್ಲಿ ಅದು ಅಪ್‌ಡೇಟ್ ರೂಪದಲ್ಲಿ ಬರುತ್ತೆ. ಸಣ್ಣಪುಟ್ಟ ದೋಷಗಳು ಹಲವು ಸೇರಿದರೂ ದೊಡ್ಡ ದೋಷ ಆಗಬಹುದು ಅಂತ 2020ರ ಕೊನೆಯಲ್ಲಿ ಕಾನೂನಿಗೆ ಸೇರಿಸಿದರು. ಇನ್ನೊಂದು, ಜವಾಬ್ದಾರಿ ಮಾರಿದವನದು. ತಯಾರಿಸಿದವನ ಹತ್ತಿರ ಹೋಗು ಅಂತ ನಿಮ್ಮನ್ನು ಓಡಿಸೋ ಹಾಗಿಲ್ಲ.

ಹುಡುಗರು 14 ದಿನ, 2 ಗಂಟೆ ಅಂತ ಮಾತಾಡ್ತಾರಲ್ಲ, ಅದು ಬೇರೆ. ಸ್ಟೀಮ್ 2015ರ ಜೂನ್‌ನಲ್ಲಿ, ಕೇಸು ನಡೀತಿರೋವಾಗಲೇ, ಇಡೀ ಪ್ರಪಂಚಕ್ಕೆ ತಂದ ನಿಯಮ ಅದು. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ, ಯಾವ ಕಾರಣಕ್ಕಾದರೂ ದುಡ್ಡು ವಾಪಸ್. ಇಷ್ಟ ಆಗಲಿಲ್ಲ ಅಂದರೂ ಸರಿ. ಒಳ್ಳೆಯ ನಿಯಮವೇ. ಆದರೆ ಅದು ಕಂಪನಿಯ ಉಪಕಾರ, ಕಾನೂನು ಅದರ ಜೊತೆಗೆ ಬೇರೆಯೇ ಇದೆ. 15ನೇ ದಿನ ಬಂತು ಅಂತ ಕಾನೂನಿನ ಗ್ಯಾರಂಟಿ ಮುಗಿಯಲ್ಲ. ದೋಷ ಗೊತ್ತಾದ ಮೇಲೂ ಆರು ತಿಂಗಳು ಆಡಿ, ಕಥೆ ಪೂರ್ತಿ ಮುಗಿಸಿ, ಆಮೇಲೆ ದುಡ್ಡು ಕೇಳಿದರೆ ಯಾರೂ ಒಪ್ಪಲ್ಲ, ಒಪ್ಪಬೇಕಾಗೂ ಇಲ್ಲ. ಹಾಗೇ ಮನಸ್ಸು ಬದಲಾಯಿತು, ಮುಂದಿನ ವಾರ ಸೇಲಿನಲ್ಲಿ ಅರ್ಧ ಬೆಲೆಗೆ ಬಂತು, ನಮ್ಮ ಹಳೇ ಲ್ಯಾಪ್‌ಟಾಪಿಗೆ ತಾಕತ್ತಿಲ್ಲ, ಇವಕ್ಕೆಲ್ಲ ಕಾನೂನು ಬರಲ್ಲ. ಅಲ್ಲಿ ಕಂಪನಿಯ ನಿಯಮ ಏನಿದೆಯೋ ಅಷ್ಟೇ.

ಊರಲ್ಲಿರೋ ತಮ್ಮನಿಗೋ ಅಕ್ಕನ ಮಗನಿಗೋ ಹುಟ್ಟುಹಬ್ಬಕ್ಕೆ ಗೇಮು ಗಿಫ್ಟ್ ಕಳಿಸೋರು ಗಮನಿಸಿ. ಸ್ಟೀಮಿನಲ್ಲಿ ಗಿಫ್ಟನ್ನು ಅವರು ತೆರೆದು ತಮ್ಮ ಖಾತೆಗೆ ಸೇರಿಸಿಕೊಂಡ ಮೇಲೆ, ರೀಫಂಡ್ ಕೇಳಬೇಕಾದವರು ಅವರು. ದುಡ್ಡು ಮಾತ್ರ ಕೊಂಡ ನಿಮಗೆ ಬರುತ್ತೆ. ಬೇರೆ ಎಲ್ಲೋ ಅಗ್ಗಕ್ಕೆ ಸಿಗೋ ‘ಕೀ’ ಕೊಂಡಿದ್ದರೆ ಸ್ಟೀಮು ಅದರ ದುಡ್ಡು ಕೊಡಲ್ಲ, ಮಾರಿದವನನ್ನೇ ಹಿಡೀಬೇಕು.

ಕಂಪನಿ ಎರಡನೇ ಸಲವೂ ಇಲ್ಲ ಅಂದರೆ? ಎಸಿಸಿಸಿ ಒಬ್ಬೊಬ್ಬರ ಜಗಳ ಬಗೆಹರಿಸಿಕೊಡಲ್ಲ. ಅವರಿಗೆ ದೂರು ಕೊಟ್ಟಿರಿ, ಅಂಥ ದೂರುಗಳು ಗುಡ್ಡೆಯಾದಾಗಲೇ ಅವರು ಏಳೋದು. ನಿಮ್ಮ ಕೇಸಿಗೆ ಸಹಾಯ ಮಾಡೋರು ರಾಜ್ಯದವರು. ಪರ್ತ್‌ನಲ್ಲಿ ಕನ್ಸ್ಯೂಮರ್ ಪ್ರೊಟೆಕ್ಷನ್, ಬ್ರಿಸ್ಬೇನ್‌ನವರಿಗೆ ಆಫೀಸ್ ಆಫ್ ಫೇರ್ ಟ್ರೇಡಿಂಗ್, ಅಡಿಲೇಡ್‌ನವರಿಗೆ ಕನ್ಸ್ಯೂಮರ್ ಅಂಡ್ ಬಿಸಿನೆಸ್ ಸರ್ವೀಸಸ್. ದೂರು ಆನ್‌ಲೈನಿನಲ್ಲೇ ಕೊಡಬಹುದು. ಅವರು ಮಧ್ಯೆ ನಿಂತು ಮಾತಾಡ್ತಾರೆ, ಹುಕುಂ ಕೊಡೋ ಅಧಿಕಾರ ಅವರಿಗಿಲ್ಲ. ಅದಕ್ಕೂ ಮೇಲೆ ಕ್ವೀನ್ಸ್‌ಲ್ಯಾಂಡಿನಲ್ಲಿ ಕ್ಯೂಕ್ಯಾಟ್ ಅನ್ನೋ ಟ್ರಿಬ್ಯುನಲ್, ಇಲ್ಲೂ ಅಡಿಲೇಡ್‌ನಲ್ಲೂ ಮ್ಯಾಜಿಸ್ಟ್ರೇಟ್ ಕೋರ್ಟು. ನೂರು ಡಾಲರಿಗೆ ಸಮುದ್ರದಾಚೆ ಕಂಪನಿಯನ್ನು ಕೋರ್ಟಿಗೆ ಎಳೀರಿ ಅಂತ ನಾನು ಹೇಳಲ್ಲ, ಅದು ಬೆಕ್ಕು ಕೊಂಡು ಆನೆ ಸಾಕಿದ ಹಾಗೆ. ಬ್ಯಾಂಕಿಗೆ ಹೇಳಿ ದುಡ್ಡು ವಾಪಸ್ ಎಳೆಸೋದು ಇನ್ನೊಂದು ದಾರಿ. ಆದರೆ ಹಾಗೆ ಮಾಡಿದರೆ ಕೆಲವು ಕಂಪನಿಗಳು ಇಡೀ ಖಾತೆಗೇ ಬೀಗ ಹಾಕ್ತಾವೆ, ಹತ್ತು ವರ್ಷ ಕೊಂಡ ಗೇಮೆಲ್ಲ ಒಳಗೇ ಉಳಿಯುತ್ತೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮಾತು ಮುಗಿದ ಮೇಲೆ ಬಂದ ಒಂದು ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ, ಯಾಕಂದರೆ ಅದನ್ನು ಕೇಳಬೇಕು ಅಂತಿದ್ದವರು ಇನ್ನೂ ಮೂರು ಜನ ಇದ್ದರು. ಏಜ್ಡ್ ಕೇರಿನಲ್ಲಿ ಕೆಲಸ ಮಾಡೋ ಅಕ್ಕ ಒಬ್ಬರು ಎದ್ದು ಕೇಳಿದರು: "ನಾನು ಡಬಲ್ ಶಿಫ್ಟಿನಲ್ಲಿದ್ದೆ. ಎಂಟು ವರ್ಷದ ಮಗ ನನ್ನ ಫೋನಿನಲ್ಲಿ ಆಟದ ಕಾಯಿನ್ ಕೊಳ್ತಾ ಕೊಳ್ತಾ 180 ಡಾಲರ್ ಖರ್ಚು ಮಾಡಿದ್ದಾನೆ. ಗೇಮು ಕೆಟ್ಟಿಲ್ಲವಲ್ಲ, ಇದಕ್ಕೇನು ಮಾಡೋದು?"

ಅಕ್ಕಾ, ಮೊದಲು ಹುಡುಗನಿಗೆ ಹೊಡೀಬೇಡಿ. ಆ ಗೇಮುಗಳು ಮಗು ಒತ್ತಲಿ ಅಂತಲೇ ಮಾಡಿರೋವು. ಅಮೆರಿಕದ ವ್ಯಾಪಾರ ಆಯೋಗ 2014ರಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳು ಮಾಡಿದ ಇಂಥ ಖರೀದಿಗಳಿಗಾಗಿ ಆ್ಯಪಲ್‌ನಿಂದ ಕನಿಷ್ಠ 3 ಕೋಟಿ 25 ಲಕ್ಷ ಡಾಲರ್ ವಾಪಸ್ ಕೊಡಿಸಿತು. 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಕಂಪನಿ ಎಪಿಕ್ 24 ಕೋಟಿ 50 ಲಕ್ಷ ಡಾಲರ್ ವಾಪಸ್ ಕೊಡಲು ಒಪ್ಪಿತು. ದೊಡ್ಡ ದೊಡ್ಡ ದೇಶದ ತಂದೆತಾಯಂದಿರೇ ಸಿಕ್ಕಿಬಿದ್ದಿದ್ದಾರೆ, ನೀವೊಬ್ಬರೇ ಅಲ್ಲ. ನಿಮ್ಮದು ಯಾವ ಫೋನು ನೋಡಿ. ಆ್ಯಪಲ್ ಆದರೆ ಅವರದೇ ದೂರಿನ ಪುಟಕ್ಕೆ ಹೋಗಿ ಆ ಖರೀದಿಗಳನ್ನು ಆರಿಸಿ, ಮಗು ನನಗೆ ಗೊತ್ತಿಲ್ಲದೆ ಮಾಡಿದ್ದು ಅಂತ ಬರೆಯಿರಿ. ಗೂಗಲ್ ಪ್ಲೇ ಆದರೆ 48 ಗಂಟೆಯೊಳಗೆ ಕೇಳಿದರೆ ಸುಲಭ, ಅದು ದಾಟಿದ್ದರೆ ಗೇಮಿನವರಿಗೇ ನೇರ ಬರೆಯಬೇಕು. ಒಂದೊಂದು ಖರೀದಿಯನ್ನೂ ದಿನಾಂಕ ಹಾಕಿ ಬೇರೆ ಬೇರೆ ಪಟ್ಟಿ ಮಾಡಿ. ಬಂದ ಕಾಯಿನ್‌ಗಳನ್ನು ಅವನು ಇನ್ನು ಖರ್ಚು ಮಾಡದ ಹಾಗೆ ಇವತ್ತೇ ಆ ಗೇಮು ಮುಚ್ಚಿಡಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಈಗಲೇ ಇಲ್ಲೇ ಮಾಡಿಕೊಡ್ತೀನಿ, ಊಟಕ್ಕೆ ಕೂರೋ ಮುಂಚೆ ಫೋನು ತನ್ನಿ. ಇನ್ನು ಯಾರದ್ದಾದರೂ ಇದ್ದರೆ ಅವರೂ ತನ್ನಿ.